ಸೋತವನಿಗೆ ತರಿಸಿದ ಟೀ

"ಮೇಷ್ಟ್ರೇ, ತಪ್ಪು ಎಲ್ಲಾಯಿತು ಅಂತ ಕಂಪ್ಯೂಟರೇ ಒಂದು ನಿಮಿಷದಲ್ಲಿ ತೋರಿಸುತ್ತದೆ. ಮತ್ತೆ ನನ್ನನ್ನು ಸೋಲಿಸಿದವಳ ಎದುರಿಗೇ ಕೂತು ಆಟ ಬಿಚ್ಚಿ ನೋಡಬೇಕು ಅಂತ ಯಾಕೆ ಹಟ ಮಾಡುತ್ತೀರಿ?"

ಕೇಳಿದವಳು ಇಂಚರ. ದಾವಣಗೆರೆಯ ಕರಿಬಸಯ್ಯ ಮೇಷ್ಟ್ರ ಬಳಿ ಚದುರಂಗ ಕಲಿಯುತ್ತಿದ್ದವಳು. ಜಿಲ್ಲಾ ಪಂದ್ಯದ ಕೊನೆಯ ಆಟದಲ್ಲಿ ಗೆಳತಿ ಆಫ್ರೀನ್‌ಗೆ ಸೋತು, ಕೈ ಕುಲುಕಿ, ಮುಖ ಊದಿಸಿಕೊಂಡು ಹೊರಗೆ ಬಂದಿದ್ದಳು. ಇನ್ನು ಆಫ್ರೀನ್ ಜೊತೆ ಆಡುವುದೇ ಇಲ್ಲ ಎಂದು ಆಗಲೇ ಹೇಳಿಯಾಗಿತ್ತು. ಕೈಯಲ್ಲಿದ್ದ ಫೋನಿನಲ್ಲಿ ಚೆಸ್ ಎಂಜಿನ್ ಆ ಆಟದ ತಪ್ಪು ಒಪ್ಪು ಲೆಕ್ಕ ಹಾಕುತ್ತಿತ್ತು.

ಮೇಷ್ಟ್ರು ಸಭಾಂಗಣದ ಮೆಟ್ಟಿಲ ಮೇಲೆ ಕೂತಿದ್ದರು. ಟೀ ತಟ್ಟೆ ಹಿಡಿದವನೊಬ್ಬ ಒಳಗೆ ಹೊರಟಿದ್ದ. ಅವನಿಗೆ ಕಾಲು ಮಡಚಿ ದಾರಿ ಬಿಟ್ಟರು.

"ಕೂತ್ಕೋ ತಾಯಿ," ಎಂದರು. "ಮೂಗಿನ ತುದಿಯಲ್ಲಿ ಸಿಟ್ಟು ಇರುವಾಗ ಉಪದೇಶ ಮಾಡಿದರೆ ನನಗೇ ಬೈಗುಳ. ಕತೆ ಹೇಳುತ್ತೇನೆ, ಕೇಳು."

ಒಂದೂರಿನಲ್ಲಿ ಇಬ್ಬರು ಗೆಳೆಯರು. ಒಂದೇ ಮಣೆಯ ಮೇಲೆ ಚದುರಂಗ ಕಲಿತವರು. ಮಣೆ ಒಬ್ಬನದು, ಕಾಯಿಗಳು ಇನ್ನೊಬ್ಬನವು. ಹಾಗಾಗಿ ಬೆಳಿಗ್ಗೆ ಎಷ್ಟೇ ಜಗಳವಾಡಿದರೂ ಸಂಜೆಗೆ ಸೇರಲೇಬೇಕು. ಮಣೆಯವನು ಮೊದಲು ಗ್ರ್ಯಾಂಡ್‌ಮಾಸ್ಟರ್ ಆದ. ಕಾಯಿಯವನಿಗೆ ಹೊಟ್ಟೆಕಿಚ್ಚು ಬರಲಿಲ್ಲ. ಯಾಕೆ ಸುಳ್ಳು ಹೇಳಲಿ, ಸ್ವಲ್ಪ ಬಂತು. ಆದರೆ ಊರಿಗೆಲ್ಲ ಪೇಡೆ ಹಂಚಿದವನೂ ಅವನೇ.

ಆ ಗೆಳೆಯನಿಗೂ ಪದವಿಗೆ ಒಂದೇ ಮೆಟ್ಟಿಲು ಉಳಿದಿತ್ತು. ದೊಡ್ಡದೊಂದು ಪಂದ್ಯದ ಕೊನೆಯ ದಿನ ಬಂತು. ಅವತ್ತಿನ ಆಟ ಡ್ರಾ ಆದರೂ ಸಾಕು, ಅವನೂ ಗ್ರ್ಯಾಂಡ್‌ಮಾಸ್ಟರ್. ಎದುರಿಗೆ ಯಾರು ಬಂದು ಕೂರಬೇಕು ಹೇಳು? ಇದೇ ಮಣೆಯವನು!

ಗೆಳೆಯ ಅಂತ ಗ್ರ್ಯಾಂಡ್‌ಮಾಸ್ಟರ್ ಕೈ ಸಡಿಲ ಬಿಡಲಿಲ್ಲ. ಬಿಟ್ಟಿದ್ದರೆ ಅದಕ್ಕಿಂತ ಅವಮಾನ ಇನ್ನೊಂದಿಲ್ಲ. ಆಟ ಬಿಗಿಯಾದಾಗ ತನ್ನ ಕುದುರೆಯನ್ನು ಎದುರಿನ ರಾಜನ ಬಾಗಿಲಲ್ಲೇ ಬಲಿ ಕೊಟ್ಟ. ನೋಡುತ್ತಿದ್ದವರು ಹುಬ್ಬೇರಿಸಿದರು. ಗೆಳೆಯ ಕುದುರೆಯನ್ನು ಹೊಡೆದ. ರಾಣಿ ಬಂದು ಚೆಕ್ ಕೊಟ್ಟಿತು. ಗೆಳೆಯ ನೋಡಿದ, ಮತ್ತೆ ಮತ್ತೆ ನೋಡಿದ. ರಾಜ ಹಿಂದೆ ಹೋದರೆ ಸಾವು, ಪಕ್ಕಕ್ಕೆ ಸರಿದರೂ ಸಾವು. ಕೊನೆಗೆ ಕೈ ಚಾಚಿ, ಸೋತೆ ಎಂದ.

ಆಟ ಮುಗಿದ ಮೇಲೆ ಗೆದ್ದವನು, ಸೋತವನು ಪಕ್ಕದ ಕೋಣೆಯಲ್ಲಿ ಕೂತು ಅದೇ ಆಟವನ್ನು ಮೊದಲಿಂದ ಬಿಚ್ಚಿ ನೋಡುವುದು ಆಟಗಾರರ ಹಳೆಯ ರೂಢಿ. ನಿನಗೆ ಗೊತ್ತೇ ಇದೆ, ಅದಕ್ಕೇ ತಾನೆ ನನ್ನ ಮೇಲೆ ಸಿಟ್ಟು! ಇಲ್ಲಿ ನೀನು ಏನು ಯೋಚಿಸಿದೆ, ಇಲ್ಲಿ ನನಗೆ ಭಯವಾಗಿತ್ತು ಅಂತ ಇಬ್ಬರೂ ಬಾಯಿ ಬಿಡುವ ಜಾಗ ಅದು. ಗೆಳೆಯ ಅಲ್ಲಿ ಕೂರಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂದ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಅಲ್ಲಿಗೆ ಮುಗಿಯಿತು. 'ಅವನೆಲ್ಲಿ, ನಾನೆಲ್ಲಿ' ಅಂತ ಪಂದ್ಯಗಳಿಗೆ ಹೋಗುವುದನ್ನೇ ಬಿಟ್ಟ. ಬೇರೆ ಊರಿಗೆ ಹೋಗಿ ಹಾರ್ಡ್‌ವೇರ್ ಅಂಗಡಿ ಇಟ್ಟ. ಮದುವೆ ಮುಂಜಿಗಳಲ್ಲಿ ಸಿಕ್ಕರೆ ಇಬ್ಬರೂ ಆರೋಗ್ಯ ವಿಚಾರಿಸುವರು, ಊಟ ಚೆನ್ನಾಗಿತ್ತು ಎನ್ನುವರು. ಚದುರಂಗದ ಮಾತು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಆದರೆ ಆ ಕುದುರೆ ಬಲಿಯ ಆಟ ಎಲ್ಲ ಕಡೆ ಹೆಸರಾಯಿತು. ಮಕ್ಕಳಿಗೆ ಕಲಿಸುವವರೂ, ನೋಡಿ, ಗೆದ್ದರೆ ಹೀಗೆ ಗೆಲ್ಲಬೇಕು ಅಂತ ಅದನ್ನೇ ತೋರಿಸುತ್ತಿದ್ದರು. ಪಾಪ, ಸೋತವನ ಹೆಸರೂ ಜೊತೆಗೇ ಇರುತ್ತಿತ್ತು.

ಇಬ್ಬರ ತಲೆಯೂ ನರೆಯಿತು. ಗೆಳೆಯನ ಸೊಸೆ ಮಾವನಿಗೆ ಹೊಸ ಫೋನು ಕೊಡಿಸಿ, ನಿನ್ನ ಹತ್ತಿರ ಇರುವಂಥದೇ ಎಂಜಿನ್ ಹಾಕಿಕೊಟ್ಟಳು. ಒಂದು ಭಾನುವಾರ ಅಂಗಡಿ ಬಾಗಿಲು ಹಾಕಿ, ಧೈರ್ಯ ಮಾಡಿ, ಆ ಹಳೆಯ ಆಟದ ನಡೆಗಳನ್ನು ಒಂದೊಂದಾಗಿ ಅದಕ್ಕೆ ಕೊಟ್ಟ.

ಮೊದಮೊದಲು ಖುಷಿಯೋ ಖುಷಿ. ಲೋಕವೆಲ್ಲ ಹೊಗಳಿದ ಗ್ರ್ಯಾಂಡ್‌ಮಾಸ್ಟರ್ ನಡೆಗೆ ಎಂಜಿನ್ 'ಪರವಾಗಿಲ್ಲ' ಅನ್ನುತ್ತಿತ್ತು, ಇವನು ಬೈಸಿಕೊಂಡಿದ್ದ ನಡೆಗೆ 'ಬಹಳ ಒಳ್ಳೆಯದು'. 'ಹಾಗೆ ಹೇಳಪ್ಪಾ!' ಅಂತ ಫೋನಿಗೇ ಶಹಬಾಸ್ ಹೇಳಿದ. ಕುದುರೆ ಬಲಿ ಬಂತು. ಎಂಜಿನ್ ಅದರ ಮೇಲೆ ತಪ್ಪು ಅಂತ ಕೆಂಪು ಗುರುತು ಹಾಕಿತು. ಇವನು ಫೋನನ್ನು ಕಣ್ಣಿನ ಹತ್ತಿರ ಹಿಡಿದ. ತಾನು ಸೋಲೊಪ್ಪಿದ ಜಾಗಕ್ಕೆ ಬಂದ. ಪರದೆಯ ಮೇಲೆ ಬರೀ ಸೊನ್ನೆ. ಸೊನ್ನೆ ಅಂದರೆ ಇಬ್ಬರೂ ಸಮ, ಡ್ರಾ. ಫೋನು ಕೆಟ್ಟಿದೆ ಅಂದುಕೊಂಡು ಆರಿಸಿ ಮತ್ತೆ ಹಾಕಿದ. ತಾನು ಕಾಫಿ ಕುಡಿದು ಬರುವವರೆಗೆ ಅದನ್ನು ಯೋಚಿಸಲು ಬಿಟ್ಟ. ಬಂದು ನೋಡಿದರೆ ಮತ್ತೂ ಸೊನ್ನೆ. ರಾಜನನ್ನು ಹಿಂದಕ್ಕೂ ಅಲ್ಲ, ಪಕ್ಕಕ್ಕೂ ಅಲ್ಲ, ಮುಂದಕ್ಕೆ ನಡೆಸಬೇಕಿತ್ತು. ಎದುರಾಳಿಯ ಕಾಯಿಗಳ ನಡುವೆಯೇ ಬದುಕುವ ಜಾಗ ಇತ್ತು.

ತಾನು ಯೋಗ್ಯನಲ್ಲ ಅಂತ ಯಾವ ಆಟದಿಂದ ತೀರ್ಮಾನಿಸಿದ್ದನೋ, ಆ ಆಟವನ್ನು ಅವನು ಸೋತೇ ಇರಲಿಲ್ಲ. ಅಂಗಡಿಯ ಮೊಳೆ ಡಬ್ಬಿಗಳ ನಡುವೆ ಕೂತು ಅತ್ತ. ಅತ್ತ ಮೇಲೆ ಸಿಟ್ಟು ನೆತ್ತಿಗೇರಿತು. ಎದ್ದು ಬಸ್ ಹತ್ತಿದ.

ಗ್ರ್ಯಾಂಡ್‌ಮಾಸ್ಟರ್ ಬಾಗಿಲು ತೆಗೆದ. ಚಪ್ಪಲಿ ಬಿಡುವ ಮೊದಲೇ ಇವನು ಫೋನು ಮುಂದೆ ಹಿಡಿದು ಕೂಗಿದ. "ನೀನು ಕೊಟ್ಟ ಕುದುರೆ ಬರೀ ಮೋಸ ಕಣೋ! ರಾಜ ಮುಂದೆ ಬಂದಿದ್ದರೆ ಆಟ ಡ್ರಾ!"

"ಗೊತ್ತು," ಅಂದ ಗ್ರ್ಯಾಂಡ್‌ಮಾಸ್ಟರ್. "ಕುದುರೆಯಿಂದ ಕೈ ತೆಗೆದ ಕೂಡಲೇ ಕಂಡಿತು. ಬೆವೆತುಹೋದೆ. ನೀನು ಕೈ ಚಾಚಿದಾಗ ಡ್ರಾ ಕೇಳುತ್ತಿದ್ದೀಯ ಅಂದುಕೊಂಡೇ ನಾನೂ ಕೈ ಚಾಚಿದ್ದು."

"ಗೊತ್ತಿದ್ದೂ ಒಂದು ಮಾತು ಹೇಳಲಿಲ್ಲವಲ್ಲೋ, ಪಾಪಿ!"

"ಹೇಳೋಣ ಅಂತಲೇ ಪಕ್ಕದ ಕೋಣೆಯಲ್ಲಿ ಕಾಯಿ ಜೋಡಿಸಿಕೊಂಡು ಕೂತಿದ್ದೆ. ನಿನಗೂ ಸೇರಿ ಟೀ ತರಿಸಿದ್ದೆ. ನೀನು ಬಸ್ಸಿಗೆ ಹೋದೆ. ಆಮೇಲೆ ಗೆದ್ದವನು ಸೋತವನ ಮನೆ ಬಾಗಿಲಿಗೆ ಬಂದು, ನೀನು ಸೋಲಬೇಕಾಗಿರಲಿಲ್ಲ ಅಂದರೆ ಗಾಯದ ಮೇಲೆ ಬರೆ ಎಳೆದ ಹಾಗಲ್ಲವೇನೋ? ನೀನಾಗಿ ಒಮ್ಮೆ ಎದುರಿಗೆ ಕೂರಲಿ ಅಂತ ಕಾದೆ. ಕಾಯಬಾರದಿತ್ತು. ಆ ಆಟವನ್ನು ಯಾರಾದರೂ ಹೊಗಳಿದರೆ ಇವತ್ತಿಗೂ ನಾನು ಮಾತು ತಿರುಗಿಸುತ್ತೇನೆ. ನಿನ್ನ ನೆನಪಾಗುತ್ತದೆ."

ಒಳಗಿನಿಂದ ಅವನ ಹೆಂಡತಿ ಕೂಗಿದಳು. "ಬಾಗಿಲಲ್ಲಿ ನಿಂತು ಯಾಕೆ ಜಗಳ? ಒಳಗೆ ಕೂತು ಆಡಿ, ಟೀ ಇಡುತ್ತೇನೆ."

ಕೂತರು. ಫೋನನ್ನು ಕಿಟಕಿಯಲ್ಲಿಟ್ಟು, ಮಣೆಯ ಮೇಲೆ ಅದೇ ಸ್ಥಿತಿ ಜೋಡಿಸಿದರು. ಗೆಳೆಯ ಎದೆ ಉಬ್ಬಿಸಿಕೊಂಡು ರಾಜನನ್ನು ಮುಂದಕ್ಕೆ ನಡೆಸಿದ. ಅಲ್ಲಿಂದ ಇಬ್ಬರೂ ಆಡಿದರು. ಏನಾಯಿತು ಗೊತ್ತಾ? ಎಂಜಿನ್ ಡ್ರಾ ಅಂದ ಆಟವನ್ನು ಆ ಪುಣ್ಯಾತ್ಮ ಮತ್ತೆ ಸೋತ! ಸೋತು, ಹೊಟ್ಟೆ ಹಿಡಿದುಕೊಂಡು ನಕ್ಕ. "ಜೋಡಿಸೋ ಇನ್ನೊಂದು ಸಲ," ಅಂದ. ಊರಿನ ಕೊನೆಯ ಬಸ್ಸು ಹೋಯಿತು. ಅವನಿಗೆ ಅದರ ಗ್ಯಾನವೇ ಇರಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಇಂಚರಳ ಫೋನಿನ ಪರದೆ ಆರಿತ್ತು. ಅವಳು ಅದನ್ನು ಮತ್ತೆ ಹಚ್ಚಲಿಲ್ಲ.

"ಮೇಷ್ಟ್ರೇ, ಅವತ್ತು ಪಕ್ಕದ ಕೋಣೆಯಲ್ಲಿ ಗೆಳೆಯನಿಗೆ ಅಂತ ತರಿಸಿದ ಟೀ ಏನಾಯಿತು?"

"ಏನಾಗುತ್ತೆ? ಆರಿ ತಣ್ಣಗಾಯಿತು," ಎಂದರು ಮೇಷ್ಟ್ರು. ಆಮೇಲೆ ಸಭಾಂಗಣದ ಬಾಗಿಲ ಕಡೆ ತಲೆಯಾಡಿಸಿದರು. "ಈಗ ಒಳಗೆ ಹೋಯಿತಲ್ಲ ಟೀ, ಅದನ್ನು ತರಿಸಿದವಳು ಆಫ್ರೀನ್, ತಟ್ಟೆಯಲ್ಲಿ ಎರಡು ಲೋಟ ಇದ್ದವು."

ಇಂಚರ ಫೋನನ್ನು ಮೇಷ್ಟ್ರ ಕೈಗೆ ಕೊಟ್ಟು ಒಳಗೆ ನಡೆದಳು.