ರೇಸಿಗೆ ಮೀಸಲಾದ ಕಾಲು

ಬಾಗಲಕೋಟೆ ಕಡೆಯ ಒಂದು ಕಚೇರಿಯಲ್ಲಿ ನೀಲಪ್ಪ ಎಂಬ ಜವಾನನಿದ್ದ. ಸಾಹೇಬರ ಮನೆಗೆ ಹಾಲು, ಹಿಟ್ಟು, ಗ್ಯಾಸ್ ಸಿಲಿಂಡರ್ ಎಂದು ದಿನವಿಡೀ ಸೈಕಲ್ ತುಳಿದು ಹೈರಾಣಾಗಿದ್ದ.

ಒಂದು ದಿನ ಸಾಹೇಬರು ಕರೆದು ಹೇಳಿದರು: "ನೌಕರರ ಸೈಕಲ್ ರೇಸಿಗೆ ನಿನ್ನ ಹೆಸರು ಕೊಟ್ಟೀನಿ. ಕಪ್ ತರಬೇಕು. ಇಲ್ಲಾಂದ್ರ ದೂರದೂರಿಗೆ ವರ್ಗ."

ನೀಲಪ್ಪ ಬೆವರು ಒರೆಸಿಕೊಂಡ. "ಆಗ್ಲಿ ಸಾಹೇಬ್ರ. ಆದ್ರ ಹೇರು ಹೊರೋ ಕುದುರಿ ರೇಸ್ ಗೆಲ್ಲೂದಿಲ್ರಿ. ಅಲ್ಲೀತನಕ ಈ ಕಾಲು ರೇಸಿಗಷ್ಟ ಮೀಸಲಿಡಬೇಕ್ರಿ."

ಸಾಹೇಬರು ಠೀವಿಯಿಂದ ಒಪ್ಪಿದರು. ನೀಲಪ್ಪ ಬೆಳಿಗ್ಗೆ ಊರಾಚೆ ಒಂದು ಸುತ್ತು ಹೊಡೆದು ಬಂದು, ದಾರಿಬದಿಯ ಬೇವಿನ ನೆರಳಲ್ಲಿ ಕಾಲಿಗೆ ಎಣ್ಣೆ ತಿಕ್ಕುತ್ತ ಕೂರತೊಡಗಿದ.

ವಾರ ಕಳೆಯುವುದರೊಳಗೆ ಸ್ಕೂಟರ್ ಓಡಿಸಲು ಬಾರದ ಸಾಹೇಬರೇ ಸೈಕಲ್ಲಿಗೆ ಸಿಲಿಂಡರ್ ಕಟ್ಟಿಕೊಂಡು, ಏದುಸಿರು ಬಿಡುತ್ತ ಆ ದಾರಿಯಲ್ಲಿ ಬಂದರು.

"ರೇಸು ಸಾಕಪಾ. ನಿನ್ನ ಹೆಸರು ವಾಪಸ್ ತಗೋತೀನಿ. ಇದನ್ನ ಮನೀಗೆ ಮುಟ್ಟಿಸು."

"ಕಚೇರಿ ಮಾನ ಏನಾಗಬೇಕ್ರಿ?" ನೀಲಪ್ಪ ಮೆಲ್ಲಗೆ ಎದ್ದು ನಿಂತ. "ನನ್ನ ಹೆಸರು ತಗದು ನಿಮ್ದ ಬರೀರಿ. ನಾ ಬರೇ ಸೈಕಲ್ ತುಳದೀನಿ. ನೀವು ಸಿಲಿಂಡರ್ ಹೇರಿಕೊಂಡು ತುಳದೀರಿ. ತಯಾರಿ ನಿಮ್ದ ಚಲೋ ಆಗೇತ್ರಿ."

ಸಾಹೇಬರು ಮನೆಯತ್ತ ಸೈಕಲ್ ತಳ್ಳಿದರು. ಆಮೇಲೆ ಅವರು ವರ್ಗದ ಮಾತನ್ನೂ ಎತ್ತಲಿಲ್ಲ, ನೀಲಪ್ಪನನ್ನು ಮನೆಗೆಲಸಕ್ಕೂ ಕರೆಯಲಿಲ್ಲ.