ಮಿಂಚುಹುಳ ದೀಪ ಆರಿಸಲು ಕಲಿತದ್ದು

ಲೋಕ ಇನ್ನೂ ಹೊಸದಾಗಿದ್ದ ಕಾಲವದು, ಮಗಾ. ಹುಲ್ಲು ಬೇರೂರಿರಲಿಲ್ಲ. ಮಣ್ಣಿಗೆ ಒಂದು ಕಡೆ ಕೂತು ಅಭ್ಯಾಸವಿರಲಿಲ್ಲ. ಗಾಳಿ ಆಟಕ್ಕೆ ಕರೆದರೆ ಸಾಕು, ಎದ್ದು ಓಡುತ್ತಿತ್ತು.

ಆಗ ಮಿಂಚುಹುಳದ ದೀಪ ಆರುತ್ತಲೇ ಇರಲಿಲ್ಲ. ಹಾರುವಾಗ ಉರಿಯುತ್ತಿತ್ತು, ಕೂತಾಗ ಉರಿಯುತ್ತಿತ್ತು, ನಿದ್ದೆಯಲ್ಲೂ ಉರಿಯುತ್ತಿತ್ತು. ಅದರ ಬೆಳಕು ನಾಲ್ಕು ಹೊಲದಾಚೆಗೂ ಕಾಣುತ್ತಿತ್ತು.

ಒಂದು ಸಂಜೆ ಹೊಳೆವ್ವ ಎಂಬಾಕೆ ಗಾಡಿ ಕಟ್ಟಿಕೊಂಡು ನದಿಯ ಕಡೆಗೆ ಹೊರಟಳು. ಹಿಂದಿನ ಗಾಡಿಯಲ್ಲಿ ಅವಳ ತಮ್ಮ ದುರಗಪ್ಪ, ಅವನ ತೊಡೆಯ ಮೇಲೆ ಪುಟ್ಟ ಮಗಳು ಸಾತವ್ವ. ಹೊಳೆವ್ವನ ಗಾಡಿಯ ನೊಗದ ಮೇಲೆ ಮಿಂಚುಹುಳ ಕೂತಿತ್ತು.

"ಈ ಬೆಳಕು ನೋಡ್ಕೊಂತ ಬಾರೋ ತಮ್ಮಾ, ದಾರಿ ತಪ್ಪೋದಿಲ್ಲ," ಎಂದಳು ಹೊಳೆವ್ವ.

ಅರ್ಧ ದಾರಿಯಲ್ಲಿ ಗಾಳಿ ಮಣ್ಣನ್ನು ಕರೆಯಿತು. ಮಣ್ಣು ಎದ್ದಿತು. ಕೆಂಪು ಧೂಳು ಗೋಡೆಯ ಹಾಗೆ ಬಂತು. ಎತ್ತಿಗೆ ತನ್ನ ಮೂಗೇ ಕಾಣದಾಯಿತು.

"ದಾರಿ ಬಿಟ್ಟು ಪಕ್ಕಕ್ಕೆ ಹೋಗಿ ನಿಲ್ಲೋಣವ್ವಾ," ಎಂದಿತು ಬಲಗಡೆಯ ಎತ್ತು. ಹೊಳೆವ್ವ ಗಾಡಿಯನ್ನು ಬಯಲಿಗಿಳಿಸಿ ನಿಲ್ಲಿಸಿದಳು. ಎತ್ತುಗಳು ಕಣ್ಣು ಮುಚ್ಚಿ ಮಲಗಿದವು.

ಮಿಂಚುಹುಳದ ದೀಪ ಮಾತ್ರ ಉರಿಯುತ್ತಲೇ ಇತ್ತು.

ದೂರದಿಂದ ದುರಗಪ್ಪ ಅದನ್ನು ಕಂಡ. ಅಕ್ಕ ಇನ್ನೂ ದಾರಿಯಲ್ಲೇ ಹೋಗುತ್ತಿದ್ದಾಳೆ ಅಂದುಕೊಂಡ. ಹಿಂದೆ ಬಿದ್ದೇನೆಂದು ಹೆದರಿ, ಬೆಳಕಿನತ್ತಲೇ ಎತ್ತುಗಳನ್ನು ಓಡಿಸಿದ.

ಅವನ ಎತ್ತುಗಳ ಕೊರಳ ಗಂಟೆಯ ಸದ್ದು ಹತ್ತಿರವಾಯಿತು. "ನಿಲ್ಲೋ! ನಿಲ್ಲೋ ತಮ್ಮಾ!" ಹೊಳೆವ್ವ ಕೂಗಿದಳು. ಗಾಳಿ ಅವಳ ಕೂಗನ್ನು ನುಂಗಿಬಿಟ್ಟಿತು.

ಅವಳು ಮಿಂಚುಹುಳದ ಕಡೆ ತಿರುಗಿದಳು. "ನಿನ್ನ ಬೆಳಕು ನೋಡಿ ಬರ್ತಾ ಇದ್ದಾನೆ. ನಮ್ಮ ಮೇಲೇ ಗಾಡಿ ಹಾಯಿಸ್ತಾನೆ. ಮಗು ಇದೆ ಅದರಾಗೆ! ಆರಿಸು!"

ಮಿಂಚುಹುಳ ನೊಗಕ್ಕೆ ಅಂಟಿಕೊಂಡಿತು. "ಆರಿಸೋದು ನನಗೆ ಗೊತ್ತಿಲ್ಲವ್ವಾ. ದೀಪ ಆರಿದರೆ ನಾನು ಸತ್ತುಹೋಗ್ತೀನೇನೋ!"

ಹೊಳೆವ್ವ ಅದನ್ನು ಬೊಗಸೆಯಲ್ಲಿ ಎತ್ತಿಕೊಂಡಳು. "ನಾನಿದ್ದೀನಲ್ಲ, ನನ್ನ ಬಂಗಾರ. ಬೆಳಕನ್ನ ಮೆಲ್ಲಗೆ ಹೊಟ್ಟೆಯೊಳಗೆ ಎಳೆದುಕೋ."

ಮಿಂಚುಹುಳ ಕಣ್ಣು ಮುಚ್ಚಿತು. ಎಳೆದುಕೊಂಡಿತು. ಕತ್ತಲಾಯಿತು.

ಬೆಳಕು ಮಾಯವಾದದ್ದೇ ದುರಗಪ್ಪ ಹಗ್ಗ ಜಗ್ಗಿದ. ಎತ್ತುಗಳು ನಿಂತವು. ಮಗಳನ್ನು ಎದೆಗಪ್ಪಿಕೊಂಡು, ತಲೆಗೆ ಕಂಬಳಿ ಹೊದ್ದು ಕೂತುಬಿಟ್ಟ.

ಗಾಳಿಗೆ ದಣಿವಾಯಿತು. ಮಣ್ಣು ಕೆಳಗಿಳಿಯಿತು. ನೋಡಿದರೆ, ದುರಗಪ್ಪನ ಎತ್ತುಗಳ ಬಿಸಿ ಉಸಿರು ಹೊಳೆವ್ವನ ಬೆನ್ನಿಗೆ ತಾಗುತ್ತಿತ್ತು! ಅಕ್ಕ ತಮ್ಮನ ತಲೆ ತಡವಿ ಅತ್ತೇಬಿಟ್ಟಳು.

"ಅತ್ತೇ, ಮಿಂಚುಹುಳ ಎಲ್ಲಿ?" ಎಂದಳು ಸಾತವ್ವ.

ಹೊಳೆವ್ವ ಬೊಗಸೆ ತೆರೆದಳು. ಒಳಗೆ ಕಪ್ಪಗೆ ಮುದುಡಿದ ಹುಳ. ಸಾತವ್ವ ಬಗ್ಗಿ, "ಧೂಳು ಹೋಯ್ತು, ಏಳೇ," ಎಂದು ಪಿಸುಗುಟ್ಟಿದಳು.

ಮಿಣ್ಣನೆ ದೀಪ ಬೆಳಗಿತು! "ಅಯ್ಯೋ, ನಾನು ಬದುಕಿದ್ದೀನಿ!" ಎಂದಿತು ಹುಳ. ನಂಬಿಕೆ ಬಾರದೆ ಇನ್ನೊಮ್ಮೆ ಆರಿಸಿತು. ಬೆಳಗಿಸಿತು. ಮತ್ತೆ ಆರಿಸಿತು. ಎಲ್ಲರೂ ನಕ್ಕರು.

ಅದಕ್ಕೇ ಮಗಾ, ಬೇಲಿಯ ಮೇಲೆ ಮಿಂಚುಹುಳ ಇವತ್ತಿಗೂ ಬೆಳಗುತ್ತದೆ, ಆರುತ್ತದೆ. ಧೂಳುಗಾಳಿ ಎದ್ದಾಗ ನಿನ್ನಪ್ಪನೂ ಕಾರನ್ನು ರಸ್ತೆಯಿಂದ ದೂರಕ್ಕಿಳಿಸಿ ನಿಲ್ಲಿಸಿ, ದೀಪವನ್ನೆಲ್ಲ ಆರಿಸಿ, ನಿನ್ನನ್ನು ತಬ್ಬಿಕೊಂಡು ಸುಮ್ಮನೆ ಕೂರುತ್ತಾನೆ.