ಮೂರು ಸಲ ಬದಲಾಯಿಸಿದ ಪೆಟ್ಟಿಗೆ

"ಗುರುಗಳೇ, ಎಂಟು ವರ್ಷದಿಂದ ನಿಮ್ಮ ಸೇವೆ ಮಾಡುತ್ತಿದ್ದೇನೆ. ಒಂದು ದಿನ ತಪ್ಪಿಸಿದವನಲ್ಲ. ಆದರೂ ನಿಮ್ಮ ಮುಖದಲ್ಲಿ ನನಗೆ ಸಮಾಧಾನ ಕಾಣಲಿಲ್ಲ. ನನ್ನ ಸೇವೆಯಲ್ಲಿ ಏನು ಕೊರತೆ?"

ಹೀಗೆ ಕೇಳಿದವನು ಮಠದ ಶಿಷ್ಯ ಮರುಳಸಿದ್ದ. ಸರಿಯಾದ ಉತ್ತರ ಸಿಗದಿದ್ದರೆ ಮಠ ಬಿಟ್ಟು ಹೋಗುವುದೆಂದು ಅವನು ಆಗಲೇ ನಿಶ್ಚಯಿಸಿದ್ದ.

ಗುರುಗಳು, "ಕೊರತೆಯ ಮಾತು ಆಮೇಲೆ ನೋಡೋಣ. ಮೊದಲು ಒಬ್ಬ ರೇಡಿಯೊ ರಿಪೇರಿಯವನ ವಿಷಯ ಕೇಳು" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ರೇಡಿಯೊ ರಿಪೇರಿಯವನಿದ್ದ. ರೇಡಿಯೊ ಕೇಳುವವರು ಕಡಿಮೆಯಾದ ಮೇಲೆ ಮಿಕ್ಸಿ, ಫ್ಯಾನು, ಟೀವಿ ರಿಪೇರಿ ಮಾಡಿಕೊಂಡಿದ್ದ; ಹೆಸರು ಮಾತ್ರ ರೇಡಿಯೊದ್ದೇ ಉಳಿದಿತ್ತು. ತನ್ನ ಮನೆಯಲ್ಲಿ ಕೆಟ್ಟ ವಸ್ತುವನ್ನು ಇನ್ನೊಬ್ಬರ ಅಂಗಡಿಗೆ ಒಯ್ಯುವುದೆಂದರೆ ಅವನಿಗೆ ಮರ್ಯಾದೆ ಹೋದ ಹಾಗೆ.

ಅವನ ಹೆಂಡತಿಗೆ ಕಿಡ್ನಿ ಕೆಟ್ಟಿತ್ತು. ಅದನ್ನು ರಿಪೇರಿ ಮಾಡುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ. ಮಂಗಳವಾರ ಮತ್ತು ಶುಕ್ರವಾರ ಮೂವತ್ತು ಮೈಲಿ ದೂರದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಒಂದು ಸರದಿ ತಪ್ಪಿದರೂ ಅವಳ ಮುಖ, ಕಾಲು ಊದಿಕೊಳ್ಳುತ್ತಿತ್ತು, ಉಸಿರು ಕಟ್ಟುತ್ತಿತ್ತು. ಅದಕ್ಕಾಗಿಯೇ ಅವನು ಒಂದು ಹಳೆಯ ಕಾರು ಕೊಂಡ. ಆ ಕಾರು ಓಡುವವರೆಗೆ ಅವಳ ಜೀವ.

ಹಾಗಾಗಿ ಅವನು ಕಾರನ್ನು ದೇವರಂತೆ ನೋಡಿಕೊಂಡ. ಬೇರೆಯವರು ಆಯುಧಪೂಜೆಯ ದಿನ ವರ್ಷಕ್ಕೊಮ್ಮೆ ಗಾಡಿಗೆ ಪೂಜೆ ಮಾಡಿದರೆ ಇವನು ವಾರಕ್ಕೆರಡು ಸಲ, ಆಸ್ಪತ್ರೆಗೆ ಹೊರಡುವ ಮೊದಲು ಮಾಡುತ್ತಿದ್ದ. ಮುಂದಿನ ಗಾಜಿನ ಮೇಲೆ ಒಂದು ಕೊಡ ನೀರು ಎರೆದು, ವಿಭೂತಿ ಬಳಿದು, ಗಾಜಿನ ಬುಡದ ಉದ್ದಕ್ಕೂ ಸೇವಂತಿಗೆ ಏರಿಸಿ, ಊದುಬತ್ತಿ ಬೆಳಗಿ, ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದ. ಹೆಂಡತಿ ಒಳಗೆ ಪಕ್ಕದ ಸೀಟಿನಲ್ಲಿ ಕುಳಿತು ಕಾಯುತ್ತಿದ್ದಳು.

ಒಂದು ವರ್ಷ ಕಾರು ತೊಂದರೆ ಕೊಡಲಿಲ್ಲ. ಆಮೇಲೆ ಒಂದು ದಿನ ಆಸ್ಪತ್ರೆಯಿಂದ ಬರುವಾಗ ದಾರಿಯಲ್ಲೇ ನಿಂತಿತು. ಯಾರದೋ ಆಟೊ ಹಿಡಿದು ಮನೆ ಸೇರಿದರು.

ಈಗಿನ ಕಾರುಗಳಲ್ಲಿ ಎಂಜಿನ್ನಿಗೆ ಎಷ್ಟು ಪೆಟ್ರೋಲು ಬೇಕು, ಕಿಡಿ ಯಾವಾಗ ಹಾರಬೇಕು ಎಂದು ಹೇಳುವ ಕಂಪ್ಯೂಟರ್ ಪೆಟ್ಟಿಗೆಯೊಂದು ಇರುತ್ತದೆ. ಅವನ ಕಾರಿನಲ್ಲಿ ಅದು ಪಕ್ಕದ ಸೀಟಿನವರ ಕಾಲಿನ ಹತ್ತಿರ, ಡ್ಯಾಶ್‌ಬೋರ್ಡಿನ ಕೆಳಗಿತ್ತು. ಕಾರು ಎಳೆದು ತಂದ ಗ್ಯಾರೇಜಿನವನು ಪರೀಕ್ಷೆ ಮಾಡಿದಾಗ ಕೆಟ್ಟದ್ದು ಅದೇ ಎಂದು ತಿಳಿಯಿತು. ಗ್ಯಾರೇಜಿನವನು ಒಂದು ವಾರ ಗಾಡಿ ಬಿಟ್ಟುಹೋಗಿ ಎಂದ. ಇವನು ನಕ್ಕು, ಗುಜರಿಗೆ ಹೋಗಿ ಅದೇ ನಂಬರಿನ ಇನ್ನೊಂದು ಪೆಟ್ಟಿಗೆ ಹುಡುಕಿ ತಂದ.

ಭಾನುವಾರ ಮನೆಯ ಮುಂದೆಯೇ ಕೆಲಸ ಹಿಡಿದ. ಮೊದಲು ಬ್ಯಾಟರಿಯ ವೈರು ಬಿಚ್ಚಿದ. ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕುಳಿತು, ಕೈ ಒಳಗೆ ಚಾಚಿ, ನಾಲ್ಕು ನಟ್ಟು ಕಳಚಿ ಹಳೆಯ ಪೆಟ್ಟಿಗೆ ಹೊರತೆಗೆದ. ಅದರ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಪಾಪ, ವಯಸ್ಸಾಗಿದೆ ಎಂದುಕೊಂಡ. ಗಿರಾಕಿಯೊಬ್ಬ ಇಂಥ ಕಿಲುಬು ಹಿಡಿದ ರೇಡಿಯೊ ತಂದಿದ್ದರೆ, "ಇದರ ಮೇಲೆ ನೀರು ಬಿದ್ದಿತ್ತಾ?" ಎಂದು ಮೊದಲ ಮಾತಿಗೇ ಕೇಳುತ್ತಿದ್ದ. ಸ್ವಂತ ವಸ್ತು ನೋಡು, ಕೇಳಬೇಕೆಂದು ತೋಚಲಿಲ್ಲ.

ಹೊಸ ಪೆಟ್ಟಿಗೆಗೆ ಕಾರಿನ ಹಳೆಯ ಕೀಯ ಗುರುತು ಇರುವುದಿಲ್ಲ; ಗುರುತು ಸಿಗದೆ ಎಂಜಿನ್ ಶುರುವಾಗುವುದಿಲ್ಲ. ಲ್ಯಾಪ್‌ಟಾಪಿನವನೊಬ್ಬನನ್ನು ಮನೆಗೇ ಕರೆಸಿ ಆ ಗುರುತು ಹಾಕಿಸಿದ. ಎಂಜಿನ್ ಸದ್ದು ಮಾಡಿದಾಗ ರಿಪೇರಿಯವನಿಗೆ ಕಣ್ಣಲ್ಲಿ ನೀರು ಬಂತು. ದೇವರು ಕೈ ಬಿಡಲಿಲ್ಲ ಎಂದ. ಆ ಮಂಗಳವಾರದಿಂದ ಒಂದು ಕೊಡದ ಬದಲು ಎರಡು ಕೊಡ ಎರೆದ.

ಮೂರು ವಾರಕ್ಕೆ ಕಾರು ಮತ್ತೆ ನಿಂತಿತು. ಬಿಚ್ಚಿ ನೋಡಿದರೆ ಪಿನ್ನುಗಳ ಮೇಲೆ ಅದೇ ಕಿಲುಬು. ಗುಜರಿಯವನ ಹತ್ತಿರ ಹೋಗಿ, ಕೊಳೆತ ಮಾಲು ಕೊಟ್ಟಿದ್ದೀಯ ಎಂದು ಬಾಯಿಗೆ ಬಂದಂತೆ ಬೈದ. ಈ ಸಲ ಹೊಚ್ಚಹೊಸ ಪೆಟ್ಟಿಗೆಯನ್ನೇ ತರಿಸಿ ಹಾಕಿದ. ತನ್ನ ಭಕ್ತಿಯಲ್ಲೇ ಎಲ್ಲೋ ಕಡಿಮೆಯಾಗಿದೆ ಎಂದು ಮೂರು ಕೊಡ ಎರೆಯತೊಡಗಿದ. ಹೂವನ್ನೂ ಮೊಳದ ಬದಲು ಮಾರು ತಂದ.

ಹನ್ನೆರಡನೆಯ ದಿನ ಶುಕ್ರವಾರ. ಆಸ್ಪತ್ರೆಯ ದಾರಿಯಲ್ಲಿ, ಹಿಂದೆ ಮುಂದೆ ಒಂದು ಮನೆಯೂ ಇಲ್ಲದ ಕಡೆ ಕಾರು ನಿಂತುಬಿಟ್ಟಿತು. ಎರಡು ಗಂಟೆ ಯಾವ ಗಾಡಿಯೂ ಬರಲಿಲ್ಲ. ಅವಳಿಗೆ ಉಸಿರು ಮೇಲಕ್ಕೆಳೆಯತೊಡಗಿತು. ಅವನು ರಸ್ತೆಯ ನಡುವೆ ನಿಂತು ಕೈಯಾಡಿಸಿದ. ಕೊನೆಗೆ ಕೋಳಿ ಸಾಗಿಸುವ ವ್ಯಾನೊಂದು ಸಿಕ್ಕಿತು. ಅದರ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ ಅವಳನ್ನು ಆಸ್ಪತ್ರೆಗೆ ಸೇರಿಸಿದ. ಇನ್ನೊಂದು ಸಲ ಹೀಗಾದರೆ ನಮ್ಮಿಂದ ಏನೂ ಮಾಡಲಾಗುವುದಿಲ್ಲ ಎಂದು ಡಾಕ್ಟರು ಹೇಳಿದರು.

ಮರುದಿನ ಅವಳನ್ನು ಮನೆಗೆ ಕರೆತಂದ. ಕಾರನ್ನೂ ಎಳೆಸಿಕೊಂಡು ಬಂದ. ಮೂರನೆಯ ಸಲ ಪೆಟ್ಟಿಗೆ ಬದಲಾಯಿಸುವುದಕ್ಕೆ ಅವನಿಗೆ ಧೈರ್ಯವಿರಲಿಲ್ಲ. ಈ ಸಲ ಹೊರಗಿನಿಂದ ಕೈ ಚಾಚಲಿಲ್ಲ. ಕಾಲಿಡುವ ಜಾಗದ ರಬ್ಬರ್ ಮ್ಯಾಟ್ ತೆಗೆದೆಸೆದು, ಅಲ್ಲೇ ಅಂಗಾತ ಮಲಗಿ ಮೇಲಕ್ಕೆ ನೋಡಿದ. ಮಲಗಿದ ಕ್ಷಣಕ್ಕೆ ಅಂಗಿ ಬೆನ್ನಿಗಂಟಿತು. ಮ್ಯಾಟಿನ ಕೆಳಗೆಲ್ಲ ನೀರು ತುಂಬಿತ್ತು.

"ಇದೇನೇ, ಇಲ್ಲಿ ಇಷ್ಟೊಂದು ನೀರು?" ಎಂದು ಕೂಗಿದ.

ಹೆಂಡತಿ ಜಗುಲಿಯ ಮೇಲೆ ಕುಳಿತಿದ್ದಳು. "ಅದು ಎಷ್ಟೋ ದಿನದಿಂದ ಹಂಗೇ ಕಣ್ರೀ. ನೀವು ಮೇಲೆ ಎರೀತೀರಿ, ಅದು ಒಳಗೆ ನನ್ನ ಕಾಲ ಮೇಲೆ ಬೀಳುತ್ತೆ. ಆಸ್ಪತ್ರೆ ಮುಟ್ಟೋವರೆಗೂ ಪಾದ ಒದ್ದೆ."

"ಒಂದು ಮಾತು ಹೇಳಬಾರದಿತ್ತಾ?"

"ನನಗೋಸ್ಕರ ಅಷ್ಟು ಭಕ್ತಿಯಿಂದ ಮಾಡ್ತಿದ್ರಿ. ಬೇಡ ಅಂತ ಹೆಂಗ್ರೀ ಹೇಳಲಿ? ನೀವೂ ಒಂದಿನ ಕೇಳಲಿಲ್ಲ."

ಅವನು ಎದ್ದು ಗಾಜಿನ ಬುಡದ ಮುಚ್ಚಳ ಬಿಚ್ಚಿದ. ಮಳೆನೀರು ಹರಿದುಹೋಗಲೆಂದು ಅಲ್ಲೊಂದು ತೂತು ಇರುತ್ತದೆ. ಆ ತೂತಿಗೆ ಎರಡು ಬೊಗಸೆಯಷ್ಟು ಕೊಳೆತ ಸೇವಂತಿಗೆ ಎಸಳು ಗಿಡಿದುಕೊಂಡಿತ್ತು. ಎರೆದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಒಳಗೆ ಇಳಿದು, ಮೊದಲು ಪೆಟ್ಟಿಗೆಯ ಮೇಲೆ, ಆಮೇಲೆ ಅವಳ ಕಾಲ ಮೇಲೆ ಬೀಳುತ್ತಿತ್ತು. ಒಂದು ಕೊಡ ಬಿದ್ದಾಗ ಒಂದು ವರ್ಷ ತಡೆದಿತ್ತು, ಮೂರು ಕೊಡ ಬಿದ್ದಾಗ ಹನ್ನೆರಡು ದಿನವೂ ತಡೆಯಲಿಲ್ಲ.

ಅವನು ಆ ಎಸಳುಗಳನ್ನು ಕೈಯಿಂದಲೇ ಬಾಚಿ ತೆಗೆದ. ಅವಳನ್ನು ಉಳಿಸಬೇಕೆಂದು ಮಾಡಿದ್ದೇ ಅವಳನ್ನು ಕೊಲ್ಲಲು ಹೊರಟಿತ್ತು. ಅವನಿಗೆ ದುಃಖವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಆಮೇಲೆ ತೂತು ಸ್ವಚ್ಛ ಮಾಡಿ, ಒಳಗೆಲ್ಲ ಒರೆಸಿ ಎರಡು ದಿನ ಬಿಸಿಲಿಗೆ ಒಣಗಿಸಿ, ಇನ್ನೊಂದು ಪೆಟ್ಟಿಗೆ ತರಿಸಿ ಕೂರಿಸಿದ. ಕಾರು ಈಗಲೂ ಓಡುತ್ತಿದೆ.

ಗುರುಗಳು ಇಷ್ಟಕ್ಕೆ ಕಥೆ ಮುಗಿಸಿದರು.

"ಆಮೇಲೆ ಅವನು ಪೂಜೆ ಬಿಟ್ಟುಬಿಟ್ಟನೇ?" ಎಂದು ಮರುಳಸಿದ್ದ ಕೇಳಿದ.

"ಬಿಡಲಿಲ್ಲ. ನಿನಗೆ ಏನು ಮಾಡಲಿ ಎಂದು ಅವಳನ್ನೇ ಕೇಳಿ ಮಾಡಿದ. ಕಾರಿನ ಬಾಗಿಲು ಹಾಕುವಾಗ ನನ್ನ ಸೆರಗು ಸಿಕ್ಕದ ಹಾಗೆ ನೋಡಿಕೊಳ್ಳಿ, ಅಷ್ಟು ಸಾಕು ಎಂದಳಂತೆ."

"ಅವನ ತಪ್ಪು ಅರ್ಥವಾಯಿತು ಗುರುಗಳೇ. ಆದರೆ ನಾನು ಕೇಳಿದ್ದು ನನ್ನ ಸೇವೆಯ ವಿಷಯ. ಅದಕ್ಕೆ ನೀವು ಉತ್ತರ ಕೊಡಲಿಲ್ಲ."

ಗುರುಗಳು ಹೇಳಿದರು: "ಎಂಟು ವರ್ಷದಿಂದ ನೀನು ದಿನಾ ಬೆಳಗ್ಗೆ ಕಾಯಿಸಿ ತಂದು ಕುಡಿಸುವ ಹಾಲು ನನ್ನ ಹೊಟ್ಟೆಗೆ ಒಗ್ಗುವುದಿಲ್ಲ, ಮರುಳಸಿದ್ದ."